ಆಫ್ ಮಾಡಿದರೆ ಎಲ್ಲಾ ಮರೆಯುವ ಕಂಪ್ಯೂಟರ್



"ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ" ಎಂಬ ಗಾದೆ ನಮಗೆಲ್ಲಾ ಗೊತ್ತೇ ಇದೆ. ಕೂಡಿಡುವುದು ಒಳ್ಳೆಯ ಗುಣ. ಆದರೆ ಕೂಡಿಟ್ಟದ್ದು ನಿಲ್ಲಬೇಕಾದರೆ ಅದಕ್ಕೆ ಒಂದು ಜಾಗ ಬೇಕು. ರಾಗಿಗೆ ಕಣಜ ಬೇಕು, ನೀರಿಗೆ ಕೆರೆ ಬೇಕು, ದುಡ್ಡಿಗೆ ಪೆಟ್ಟಿಗೆ ಬೇಕು. ಕಂಪ್ಯೂಟರಿನಲ್ಲಿ ಬರೆದದ್ದಕ್ಕೂ ಹಾಗೆಯೇ ಒಂದು ಜಾಗ ಬೇಕು. ಅಂಥ ಜಾಗವೇ ಇಲ್ಲದ ಕಂಪ್ಯೂಟರ್ ಒಂದು ನಮ್ಮ ಮನೆಯಲ್ಲಿ ಐತೆ. ಅದಕ್ಕೆ ನಾವು ಜಾಗ ಮಾಡಿಕೊಟ್ಟ ವಿಷಯವನ್ನು ಈ ಸಲದ ಗೋಡೆ ಪತ್ರಿಕೆಗೆ ಬರೆದಿದ್ದೇನೆ.

ನಮ್ಮ ಚಿಕ್ಕಪ್ಪ ನಮ್ಮೂರಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿ ಹಳೇ ಕಂಪ್ಯೂಟರುಗಳನ್ನು ಕೆಲಸದವರಿಗೇ ಕಡಿಮೆ ಬೆಲೆಗೆ ಕೊಟ್ಟರಂತೆ. ಚಿಕ್ಕಪ್ಪ ಒಂದನ್ನು ಗೋಣಿಚೀಲದಲ್ಲಿ ಸುತ್ತಿ ಗಾಡಿಯಲ್ಲಿ ತಂದರು. ಮಾನಿಟರ್ ಇತ್ತು, ಕೀಲಿಮಣೆ ಇತ್ತು, ಮೌಸ್ ಇತ್ತು. ಒಳಗೆ ಹಾರ್ಡ್ ಡಿಸ್ಕ್ ಮಾತ್ರ ಇರಲಿಲ್ಲ. ಹಾರ್ಡ್ ಡಿಸ್ಕಿನಲ್ಲಿ ಅವರ ಆಫೀಸಿನ ಲೆಕ್ಕಪತ್ರ ಇರುತ್ತದೆ, ಅದಕ್ಕೇ ಅದನ್ನು ಬಿಚ್ಚಿಟ್ಟುಕೊಂಡು ಕೊಡುತ್ತಾರೆ ಅಂತ ಚಿಕ್ಕಪ್ಪ ಹೇಳಿದರು. ನಮ್ಮ ತಾತ ನೋಡಿ, "ಎತ್ತಿಲ್ಲದ ಗಾಡಿ ತಂದವ್ನೆ" ಅಂತ ನಕ್ಕರು.

ಚಿಕ್ಕಪ್ಪ ಸುಮ್ಮನೆ ಜೇಬಿನಿಂದ ಒಂದು ತಟ್ಟೆ ತೆಗೆದು ಒಳಗೆ ಹಾಕಿದರು. ಅದು ಲಿನಕ್ಸ್ ಲೈವ್ ಸಿ.ಡಿ. ಸ್ವಲ್ಪ ಹೊತ್ತು ಗುರ್ ಗುರ್ ಅಂತು. ಆಮೇಲೆ ಪರದೆ ಮೇಲೆ ಚಿತ್ರ ಬಂತು, ಬಾಣದ ಗುರುತು ಬಂತು, ಎಲ್ಲಾ ಬಂತು! ತಾತ ಸುಮ್ಮನಾದರು.

ಲಿನಕ್ಸ್ ಅಂದರೆ ಏನು ಅಂತ ಕೆಲವರು ಕೇಳಬಹುದು. ಕಂಪ್ಯೂಟರ್ ನಡೆಸೋದಕ್ಕೆ ಒಂದು ಮುಖ್ಯ ತಂತ್ರಾಂಶ ಬೇಕು. ವಿಂಡೋಸ್ ಹಾಗೆ ಲಿನಕ್ಸೂ ಒಂದು. ಫಿನ್‌ಲ್ಯಾಂಡ್ ದೇಶದ ಲೀನಸ್ ಟೊರ್ವಾಲ್ಡ್ಸ್ ಎಂಬುವರು ಕಾಲೇಜಿನಲ್ಲಿ ಓದುವಾಗ 1991ರಲ್ಲಿ ಇದನ್ನು ಶುರು ಮಾಡಿದರು. ಯಾರು ಬೇಕಾದರೂ ಇದನ್ನು ದುಡ್ಡಿಲ್ಲದೆ ಪಡೆಯಬಹುದು, ಬೇರೆಯವರಿಗೆ ಹಂಚಬಹುದು, ತಿದ್ದಲೂಬಹುದು. ಹೀಗೆ ಬೇರೆ ಬೇರೆಯವರು ಸೇರಿಸಿ ಜೋಡಿಸಿದ ಲಿನಕ್ಸುಗಳು ಬಹಳ ಇವೆ. ಅದನ್ನು ಹಾರ್ಡ್ ಡಿಸ್ಕಿಗೆ ಹಾಕದೆ ನೇರವಾಗಿ ತಟ್ಟೆಯಿಂದಲೇ ನಡೆಸುವುದಕ್ಕೆ ಲೈವ್ ಸಿ.ಡಿ. ಅನ್ನುತ್ತಾರೆ. ಜರ್ಮನಿಯ ಕ್ಲಾಸ್ ಕ್ನಾಪರ್ ಎಂಬುವರು 2000ನೇ ಇಸವಿಯಲ್ಲಿ ಕ್ನಾಪಿಕ್ಸ್ ಎಂಬ ಲೈವ್ ಸಿ.ಡಿ. ಮಾಡಿದರು. ಅದು ಬಹಳ ಹೆಸರಾಯಿತು. ಆಸ್ಟ್ರೇಲಿಯಾದ ಬ್ಯಾರಿ ಕೌಲರ್ ಎಂಬುವರು ಹಳೇ ಕಂಪ್ಯೂಟರುಗಳಿಗೆ ಅಂತಲೇ 2003ರಲ್ಲಿ ಪಪ್ಪಿ ಲಿನಕ್ಸ್ ಮಾಡಿದರು. ಪಪ್ಪಿ ಅಂದರೆ ನಾಯಿಮರಿ. ನಮ್ಮ ಮನೆಯಲ್ಲಿರುವುದು ಡೆಬಿಯನ್ ಎಂಬ ಲಿನಕ್ಸ್. ಇದು 1993ರಲ್ಲಿ ಶುರುವಾದದ್ದು. ಸಿ.ಡಿ.ಯಲ್ಲಿ 700 ಎಂ.ಬಿ. ಮಾತ್ರ ಹಿಡಿಯುತ್ತದೆ. ಈಗಿನ ಡೆಬಿಯನ್ ಅದಕ್ಕಿಂತ ದೊಡ್ಡದು, ಆದ್ದರಿಂದ ನಮ್ಮದು ನಿಜವಾಗಿ ಡಿ.ವಿ.ಡಿ. ಆದರೂ ಮನೆಯಲ್ಲಿ ಎಲ್ಲರೂ ಸಿ.ಡಿ. ಅಂತಲೇ ಕರೆಯುತ್ತೇವೆ.

ಈಗ ಸಂಘದ ವಿಷಯಕ್ಕೆ ಬರುತ್ತೇನೆ. ನಮ್ಮಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಲೆಕ್ಕ ಬರೆಯುತ್ತಾರೆ. ಕರ್ನಾಟಕದಲ್ಲಿ ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ ಶುರುವಾಯಿತು. ಅಮ್ಮನ ಸಂಘದಲ್ಲಿ ಹದಿನೇಳು ಜನ ಇದ್ದಾರೆ. ವಾರಕ್ಕೆ ಒಬ್ಬೊಬ್ಬರು 50 ರೂಪಾಯಿ ಕಟ್ಟುತ್ತಾರೆ. ಬ್ಯಾಂಕಿನಿಂದ ಸಾಲ ಬೇಕಾದರೆ ಲೆಕ್ಕದ ಪುಸ್ತಕ ಸರಿಯಾಗಿ ಇರಬೇಕು. ಒಬ್ಬರು ಹಸು ತಗೋಬೇಕು ಅಂತ ಕಾಯುತ್ತಿದ್ದರು, ಇನ್ನೊಬ್ಬರು ಹೊಲಿಗೆ ಮಿಷನ್ನು ತಗೋಬೇಕು ಅಂತಿದ್ದರು. ಅಷ್ಟರಲ್ಲಿ ಮಳೆಗಾಲದಲ್ಲಿ ನಮ್ಮ ಮನೆ ಹೆಂಚು ಸೋರಿ, ಕಪಾಟಿನಲ್ಲಿದ್ದ ಪುಸ್ತಕ ನೆನೆದು ಹೋಯಿತು. ಶಾಯಿ ಎಲ್ಲಾ ಕಲಸಿಕೊಂಡು ಒಂದು ವರ್ಷದ ಲೆಕ್ಕ ಓದೋದಕ್ಕೇ ಬರದ ಹಾಗಾಯಿತು.

ಪುಣ್ಯಕ್ಕೆ ಪ್ರತಿಯೊಬ್ಬರ ಹತ್ತಿರವೂ ಅವರವರ ಸಣ್ಣ ಪಾಸ್‌ಬುಕ್ ಇತ್ತು. ಅದನ್ನೆಲ್ಲಾ ತರಿಸಿ ಕಂಪ್ಯೂಟರಿನಲ್ಲಿ ಹೊಸದಾಗಿ ಲೆಕ್ಕ ಕೂರಿಸೋಣ ಅಂತ ಅಮ್ಮ ಹೇಳಿದರು. ಅಮ್ಮ ಓದಿ ಹೇಳೋದು, ನಾನು ಟೈಪ್ ಮಾಡೋದು. ಹದಿನೇಳು ಜನ, 52 ವಾರ. ಗುಣಿಸಿದರೆ 884 ಮನೆಗಳು ತುಂಬಬೇಕು. ಸಾಯಂಕಾಲ ಆರಕ್ಕೆ ಕೂತವರು ಹತ್ತೂವರೆ ತನಕ ಕೂತೆವು. ಅರ್ಧಕ್ಕಿಂತ ಜಾಸ್ತಿ ಮುಗಿಯಿತು. ಸೇವ್ ಒತ್ತಿದೆವು. ಫೈಲಿನ ಹೆಸರು ಡಾಕ್ಯುಮೆಂಟ್ಸ್ ಅನ್ನೋ ಫೋಲ್ಡರಿನಲ್ಲಿ ಕಾಣಿಸಿತು. ಅಮ್ಮನೂ ನೋಡಿದರು. ಆಮೇಲೆ ಕ್ರಮವಾಗಿ ಆಫ್ ಮಾಡಿ ಮಲಗಿದೆವು.

ಮಾರನೇ ದಿನ ತೆಗೆದರೆ ಫೋಲ್ಡರ್ ಖಾಲಿ! ಒಂದು ಅಕ್ಷರವೂ ಇಲ್ಲ. ಎಲ್ಲಾ ಮೊದಲನೇ ದಿನ ಇದ್ದ ಹಾಗೇ ಹೊಸದಾಗಿ ಇತ್ತು. ನಮ್ಮ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಪಾಸ್‌ಬುಕ್‌ಗಳನ್ನು ಬೆಳಿಗ್ಗೆಯೇ ವಾಪಸ್ ಕೊಟ್ಟಾಗಿತ್ತು. ಅಮ್ಮ ಮತ್ತೆ ಮನೆಮನೆಗೆ ಹೋಗಿ ಕೇಳಬೇಕಾಯಿತು. ಒಬ್ಬರು ಏನೂ ಅನ್ನದೆ ಕೊಟ್ಟರು. ಇನ್ನೊಬ್ಬರು, "ನೆನ್ನೆ ಬರ್ಕೊಂಡ್ರಲ್ಲಮ್ಮ, ಆ ಲೆಕ್ಕ ಎಲ್ಲೋಯ್ತು?" ಅಂದರು. ನೀರಿನ ನಲ್ಲಿ ಹತ್ತಿರ ಯಾರೋ, "ಪುಸ್ತಕ ನೆನೀತು ಅಂದ್ರು, ಈಗ ಕಂಪ್ಯೂಟರೂ ನುಂಗ್ತು ಅಂತಾರೆ" ಅಂತ ಆಡಿಕೊಂಡದ್ದು ನನ್ನ ಕಿವಿಗೂ ಬಿತ್ತು. ದುಡ್ಡಿನ ವಿಷಯದಲ್ಲಿ ಇಂಥ ಮಾತು ಬಂದರೆ ಬಹಳ ಕಷ್ಟ. ಅಮ್ಮ ಅವತ್ತು ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ಚಿಕ್ಕಪ್ಪ ರಾತ್ರಿ ಪಾಳಿ ಮುಗಿಸಿ ಭಾನುವಾರ ಬಂದರು. ಎಲ್ಲಾ ಕೇಳಿ, "ಕಂಪ್ಯೂಟರ್ ಕೆಟ್ಟಿಲ್ಲ ಕಣಮ್ಮ, ಲೈವ್ ಸಿ.ಡಿ. ಗುಣವೇ ಅದು" ಅಂದರು. ಆಮೇಲೆ ನನಗೆ ಅರ್ಥವಾಗುವ ಹಾಗೆ ಹೇಳಿಕೊಟ್ಟರು.

ನಾವು ಸಮಾಜ ವಿಜ್ಞಾನದಲ್ಲಿ ನಕ್ಷೆ ಬರೆಯುವಾಗ ಪುಸ್ತಕದ ನಕ್ಷೆಯ ಮೇಲೆ ಎಣ್ಣೆ ಸವರಿದ ತೆಳು ಕಾಗದ ಇಟ್ಟು ಗೆರೆ ಎಳೆಯುತ್ತೇವಲ್ಲಾ? ಕೆಳಗಿನ ನಕ್ಷೆ ಕಾಣುತ್ತದೆ, ಆದರೆ ನಮ್ಮ ಗೆರೆ ಬೀಳುವುದು ಮೇಲಿನ ಕಾಗದದ ಮೇಲೆ. ಪುಸ್ತಕಕ್ಕೆ ಏನೂ ಆಗುವುದಿಲ್ಲ. ಲೈವ್ ಸಿ.ಡಿ.ಯೂ ಹೀಗೇ. ತಟ್ಟೆಯಲ್ಲಿ ಲಿನಕ್ಸನ್ನು ಒತ್ತಿ ಚಿಕ್ಕದು ಮಾಡಿ ತುಂಬಿರುತ್ತಾರೆ. ಅದನ್ನು ಓದಬಹುದು, ಅದರ ಮೇಲೆ ಬರೆಯಲು ಆಗುವುದಿಲ್ಲ. ಅದಕ್ಕೇ ಕಂಪ್ಯೂಟರ್ ತನ್ನ ರ್‍ಯಾಮ್‌ನಲ್ಲಿ ಸ್ವಲ್ಪ ಜಾಗ ತೆಗೆದು, ತೆಳು ಕಾಗದದ ಹಾಗೆ ತಟ್ಟೆಯ ಮೇಲೆ ಹೊದಿಸುತ್ತದೆ. ನಾವು ಬರೆದದ್ದು, ಅಳಿಸಿದ್ದು, ಬದಲಾಯಿಸಿದ್ದು ಎಲ್ಲಾ ಆ ಕಾಗದದ ಮೇಲೆ. ನೋಡುವವರಿಗೆ ಎರಡೂ ಸೇರಿ ಒಂದೇ ಹಾಗೆ ಕಾಣುತ್ತದೆ. ಇದಕ್ಕೆ ಓವರ್‌ಲೇ ಅನ್ನುತ್ತಾರೆ. 2014ರಿಂದ ಈ ವ್ಯವಸ್ಥೆ ಲಿನಕ್ಸಿನ ಒಳಗೇ ಸೇರಿದೆ.

ರ್‍ಯಾಮ್‌ನಲ್ಲಿ ಕರೆಂಟು ಇರುವ ತನಕ ಮಾತ್ರ ನೆನಪು. ಕರೆಂಟು ಹೋದರೆ ಆ ಕಾಗದವೇ ಇಲ್ಲ. ನಾವು ಸೇವ್ ಒತ್ತಿದಾಗ ಕಂಪ್ಯೂಟರ್ ಸುಳ್ಳು ಹೇಳಲಿಲ್ಲ. ನಿಜವಾಗಿ ಸೇವ್ ಮಾಡಿತ್ತು, ಆದರೆ ಆ ಕಾಗದದ ಮೇಲೆ ಮಾಡಿತ್ತು.

ಇನ್ನೊಂದು ತೊಂದರೆಯೂ ಇತ್ತು. ದಿನಾ ತೆಗೆದ ತಕ್ಷಣ ಕನ್ನಡ ಕೀಲಿಮಣೆ ಹೊಸದಾಗಿ ಹಾಕಬೇಕು. ಪಟ್ಟಿಯಲ್ಲಿ ಕನ್ನಡ ಅಂತ ಹುಡುಕಿದರೆ ಎರಡು ಥರ ಇವೆ. ಅದರಲ್ಲಿ ಒಂದರ ಹೆಸರು ಕಗಪ. ಕನ್ನಡ ಗಣಕ ಪರಿಷತ್ತಿನ ಮೊದಲ ಅಕ್ಷರಗಳು ಸೇರಿ ಆ ಹೆಸರು ಬಂದಿದೆ. ನನಗೆ ಅದೇ ಸುಲಭ. ಆಮೇಲೆ ಗುಬ್ಬಿ ಅನ್ನೋ ಕನ್ನಡ ಫಾಂಟ್ ಹಾಕಬೇಕು. ಗುಬ್ಬಿ, ನವಿಲು ಅಂತ ಹಕ್ಕಿಗಳ ಹೆಸರಿನ ಎರಡು ಉಚಿತ ಕನ್ನಡ ಫಾಂಟ್‌ಗಳು ಡೆಬಿಯನ್ನಿಗೆ ಸಿಗುತ್ತವೆ. ಅಕ್ಷರ ದೊಡ್ಡದು ಮಾಡಬೇಕು, ಇಲ್ಲದಿದ್ದರೆ ಅಮ್ಮನಿಗೆ ಕಾಣಿಸಲ್ಲ. ಮೌಸ್ ನಿಧಾನ ಮಾಡಬೇಕು. ಇಷ್ಟರಲ್ಲಿ ಕಾಲು ಗಂಟೆ ಹೋಗುತ್ತಿತ್ತು. ದಿನಾ ಹೊಸ ಮೇಷ್ಟ್ರು ಬಂದು, ದಿನಾ ನಮ್ಮ ಹೆಸರು ಕೇಳಿದ ಹಾಗೆ!

ಇದನ್ನು ಸೆಟ್ಟಿಂಗ್ ಅನ್ನುತ್ತಾರೆ. ಸೆಟ್ಟಿಂಗ್ ಬೇರೆ, ಫೈಲ್ ಬೇರೆ ಅಂತ ನಾನು ತಿಳಿದಿದ್ದೆ. ಚಿಕ್ಕಪ್ಪ ಕಂಟ್ರೋಲ್ ಮತ್ತು ಎಚ್ ಕೀಲಿಗಳನ್ನು ಒಟ್ಟಿಗೆ ಒತ್ತಿ ತೋರಿಸಿದರು. ಅಲ್ಲಿಯ ತನಕ ಕಾಣದೆ ಇದ್ದ ಎಷ್ಟೋ ಫೋಲ್ಡರುಗಳು ಬಂದವು. ಎಲ್ಲದರ ಹೆಸರಿನ ಮುಂದೆ ಒಂದು ಚುಕ್ಕಿ. ಲಿನಕ್ಸಿನಲ್ಲಿ ಚುಕ್ಕಿಯಿಂದ ಶುರುವಾಗುವ ಹೆಸರು ಬಚ್ಚಿಟ್ಟುಕೊಂಡಿರುತ್ತದೆ. ನಮ್ಮ ಸೆಟ್ಟಿಂಗುಗಳು ಹೆಚ್ಚಾಗಿ ಅದರ ಒಳಗೇ ಇರುತ್ತವೆ. ಅಂದರೆ ಸೆಟ್ಟಿಂಗೂ ಒಂದು ಫೈಲೇ! ಫೈಲಿಗೆ ಜಾಗ ಸಿಕ್ಕಿದರೆ ಸೆಟ್ಟಿಂಗಿಗೂ ಜಾಗ ಸಿಗುತ್ತದೆ.

ಹಾಗಾದರೆ ಆ ಜಾಗ ಎಲ್ಲಿ? ಹಾರ್ಡ್ ಡಿಸ್ಕ್ ಕೊಳ್ಳಲು ಆಗ ದುಡ್ಡಿರಲಿಲ್ಲ. ನಮ್ಮ ಹಳೇ ಕಂಪ್ಯೂಟರ್ ಪೆನ್ ಡ್ರೈವಿನಿಂದ ನೇರವಾಗಿ ಶುರುವಾಗುವುದಿಲ್ಲ, ಆದರೆ ಶುರುವಾದ ಮೇಲೆ ಪೆನ್ ಡ್ರೈವಿಗೆ ಬರೆಯುತ್ತದೆ. ಚಿಕ್ಕಪ್ಪ ಹೊಸಕೋಟೆ ಅಂಗಡಿಯಿಂದ 16 ಜಿ.ಬಿ.ಯ ಒಂದು ಪೆನ್ ಡ್ರೈವ್ ತಂದರು. ಜಿಪಾರ್ಟೆಡ್ ಎಂಬ ತಂತ್ರಾಂಶದಿಂದ ಅದನ್ನು ಹೊಲಕ್ಕೆ ಬದು ಹಾಕಿದ ಹಾಗೆ ಎರಡು ಪಾಲು ಮಾಡಿದರು.

ಮೊದಲನೇ ಪಾಲು ಮಾಮೂಲಿ ಪಾಲು. ಅಂಗಡಿಯ ಕಂಪ್ಯೂಟರಿನಲ್ಲೂ ಅದು ತೆರೆಯುತ್ತದೆ. ಸಂಘದ ಲೆಕ್ಕದ ಫೈಲು ಅದಕ್ಕೆ.

ಎರಡನೇ ಪಾಲು ಲಿನಕ್ಸಿಗೆ ಮಾತ್ರ. ಅದನ್ನು ಎಕ್ಸ್‌ಟ್4 ಎಂಬ ಬಗೆಯಲ್ಲಿ ಮಾಡಿ, ಅದಕ್ಕೆ 'ಪರ್ಸಿಸ್ಟೆನ್ಸ್' ಎಂದು ಹೆಸರಿಟ್ಟರು. ಬಿಡದೆ ಉಳಿಯುವುದು ಅಂತ ಅದರ ಅರ್ಥ. ಹೆಸರು ಬೇರೆ ಇಟ್ಟರೆ ಡೆಬಿಯನ್ ಗುರುತು ಹಿಡಿಯುವುದಿಲ್ಲ. ಅದರ ಒಳಗೆ 'ಪರ್ಸಿಸ್ಟೆನ್ಸ್ ಡಾಟ್ ಕಾನ್ಫ್' ಎಂಬ ಚಿಕ್ಕ ಫೈಲು ಇಟ್ಟು ಒಂದೇ ಸಾಲು ಬರೆದರು: ಒಂದು ಓರೆಗೆರೆ, ಒಂದು ಜಾಗ ಬಿಟ್ಟು 'ಯೂನಿಯನ್' ಎಂಬ ಪದ. ಎಲ್ಲವನ್ನೂ ಮೇಲೆ ಹೊದಿಸಿ ಇಟ್ಟುಕೋ ಅಂತ ಅದರ ಅರ್ಥ. ಈಗ ತೆಳು ಕಾಗದ ರ್‍ಯಾಮ್‌ನಲ್ಲಿ ಇರುವುದಿಲ್ಲ, ಪೆನ್ ಡ್ರೈವಿನಲ್ಲಿ ಇರುತ್ತದೆ. ಆಫ್ ಮಾಡಿದರೂ ಅಲ್ಲೇ ಇರುತ್ತದೆ.

ಇನ್ನು ಒಂದು ಕೆಲಸ ಮಾತ್ರ ದಿನಾ ನಾವೇ ಮಾಡಬೇಕು. ಕಂಪ್ಯೂಟರ್ ಶುರುವಾಗುವಾಗ ಒಂದು ಪಟ್ಟಿ ಬರುತ್ತದೆ. ಆಗ ಟ್ಯಾಬ್ ಕೀಲಿ ಒತ್ತಿದರೆ ಕೆಳಗೆ ಒಂದು ಉದ್ದದ ಸಾಲು ಕಾಣುತ್ತದೆ. ಅದರ ಕೊನೆಯಲ್ಲಿ ಜಾಗ ಬಿಟ್ಟು 'ಪರ್ಸಿಸ್ಟೆನ್ಸ್' ಎಂದು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಸೇರಿಸಿ ಎಂಟರ್ ಒತ್ತಬೇಕು. ಪಿ, ಇ, ಆರ್, ಎಸ್, ಐ, ಎಸ್, ಟಿ, ಇ, ಎನ್, ಸಿ, ಇ. ಒಟ್ಟು ಹನ್ನೊಂದು ಅಕ್ಷರ. ಒಂದು ತಪ್ಪಿದರೂ ಅವತ್ತು ಹಳೇ ಥರಾನೇ. ಇದನ್ನೂ ಅದೇ ನೆನಪಿಟ್ಟುಕೊಳ್ಳಬಾರದಾ ಅಂತ ಕೇಳಿದೆ. "ಈ ಸಾಲು ಇರೋದು ತಟ್ಟೆಯಲ್ಲಿ, ತಟ್ಟೆ ಮೇಲೆ ಬರೆಯೋಕೆ ಆಗಲ್ವಲ್ಲ" ಅಂದರು ಚಿಕ್ಕಪ್ಪ. ಅದಕ್ಕೆ ಹನ್ನೊಂದು ಅಕ್ಷರವನ್ನೂ ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದ್ದೇವೆ.

ಪಪ್ಪಿ ಲಿನಕ್ಸಿನಲ್ಲಿ ಇಷ್ಟು ಕಷ್ಟ ಇಲ್ಲ. ಮೊದಲನೇ ಸಲ ಆಫ್ ಮಾಡುವಾಗ ಅದೇ, "ಇದನ್ನೆಲ್ಲಾ ಎಲ್ಲಿ ಉಳಿಸಲಿ?" ಅಂತ ಕೇಳುತ್ತದೆ. ಜಾಗ ತೋರಿಸಿದರೆ ಅಲ್ಲಿ ಇಟ್ಟುಕೊಂಡು, ಮುಂದಿನ ಸಲ ತಾನೇ ಹುಡುಕಿ ತೆಗೆದುಕೊಳ್ಳುತ್ತದೆ.

ಚಿಕ್ಕಪ್ಪ ಮಾಡಿದ್ದನ್ನು ನಾವು ಕೂಡಲೇ ನಂಬಲಿಲ್ಲ. ಅಮ್ಮ, "ಮೊದಲು ಪರೀಕ್ಷೆ ಮಾಡಿ, ಆಮೇಲೆ ಲೆಕ್ಕ" ಅಂದರು. 'ಪರೀಕ್ಷೆ' ಎಂಬ ಹೆಸರಿನಲ್ಲಿ ಒಂದು ಖಾಲಿ ಫೈಲ್ ಮಾಡಿದೆವು. ಕೀಲಿಮಣೆ ಕನ್ನಡಕ್ಕೆ ಇಟ್ಟೆವು. ಆಫ್ ಮಾಡಿ ಪ್ಲಗ್ಗನ್ನೂ ಕಿತ್ತೆವು. ಊಟ ಮಾಡಿ ಬಂದು ಹನ್ನೊಂದು ಅಕ್ಷರ ಹಾಕಿ ತೆಗೆದೆವು. ಫೈಲ್ ಇತ್ತು! ಕೀಲಿಮಣೆಯೂ ಕನ್ನಡದಲ್ಲೇ ಇತ್ತು! ನಾನು ಕುಣಿದುಬಿಟ್ಟೆ. ತಾತ, "ಈಗ ಎತ್ತು ಸಿಕ್ತು ಬಿಡು" ಅಂದರು.

ಆಮೇಲೆ ಮೂರು ಸಾಯಂಕಾಲ ಕೂತು 884 ಮನೆಗಳನ್ನೂ ತುಂಬಿದೆವು. ಹದಿನೇಳು ಜನಕ್ಕೆ ವಾರಕ್ಕೆ 50ರಂತೆ 52 ವಾರಕ್ಕೆ 44,200 ರೂಪಾಯಿ ಬರಬೇಕು. ನಮಗೆ 44,150 ಬಂತು. ಅಮ್ಮ ಗಾಬರಿಯಾದರು. ಒಂದೊಂದೇ ಸಾಲು ನೋಡಿದಾಗ ಒಬ್ಬರ ಪಾಸ್‌ಬುಕ್ಕಿನಲ್ಲಿ ಯುಗಾದಿ ವಾರ ಖಾಲಿ ಇದ್ದದ್ದು ಸಿಕ್ಕಿತು. ಸಭೆಯಲ್ಲಿ ಕೇಳಿದಾಗ ಅವರು, "ಹೌದು ಕಣಕ್ಕ, ತೌರಿಗೆ ಹೋಗಿದ್ದೆ" ಅಂತ ಅಲ್ಲೇ 50 ರೂಪಾಯಿ ಕೊಟ್ಟರು. ಹೊಸಕೋಟೆಯಲ್ಲಿ ಪ್ರಿಂಟ್ ತೆಗೆಸಿ ಎಲ್ಲರ ಮುಂದೆ ಓದಿದರು. ಒಬ್ಬೊಬ್ಬರೂ ತಮ್ಮ ಪಾಸ್‌ಬುಕ್ ಹಿಡಿದು ತಾಳೆ ನೋಡಿದರು. "ಎಲ್ಲೋಯ್ತು" ಅಂತ ಕೇಳಿದ್ದವರೇ ಮೊದಲು ಸಹಿ ಹಾಕಿದರು. ಲೆಕ್ಕ ಬ್ಯಾಂಕಿಗೆ ಹೋಗಿದೆ. ಸಾಲ ಇನ್ನೂ ಬಂದಿಲ್ಲ, ಆದರೆ ಅಮ್ಮ ಈಗ ನಲ್ಲಿ ಹತ್ತಿರ ಮೊದಲಿನ ಹಾಗೆ ಮಾತಾಡಿಕೊಂಡು ನೀರು ತರುತ್ತಾರೆ.

ಮರೆಯುವ ಕಂಪ್ಯೂಟರ್ ಕೆಟ್ಟದ್ದು ಅಂತ ಯಾರೂ ತಿಳಿಯಬಾರದು. ಮರೆವೇ ಬೇಕಾದ ಸಮಯವೂ ಇರುತ್ತದೆ. ಬೇರೆಯವರ ಕಂಪ್ಯೂಟರಿನಲ್ಲಿ ನಮ್ಮ ಗುಟ್ಟಿನ ಕೆಲಸ ಮಾಡಿದರೆ ಅಲ್ಲಿ ಗುರುತು ಉಳಿಯಬಾರದು. ಅದಕ್ಕೆ ಅಂತಲೇ 2009ರಲ್ಲಿ ಟೇಲ್ಸ್ ಎಂಬ ಲೈವ್ ಲಿನಕ್ಸ್ ಬಂತು. ಆಫ್ ಮಾಡಿದರೆ ಮರೆಯುವುದೇ ಅದರ ಕೆಲಸ. ಉಳಿಸಬೇಕಾದದ್ದನ್ನು ಮಾತ್ರ ಬೀಗ ಹಾಕಿದ ಒಂದು ಪಾಲಿನಲ್ಲಿ ಇಡಬಹುದು. ಯಾವುದು ಉಳಿಯಬೇಕು, ಯಾವುದು ಹೋಗಬೇಕು ಅಂತ ನಾವು ಹೇಳಬೇಕು, ಅಷ್ಟೆ.

ಲಿನಕ್ಸ್ ನಮ್ಮಂಥ ಶಾಲೆ ಮಕ್ಕಳಿಗೆ ಕಷ್ಟ ಅಂತಲೂ ಹೆದರಬೇಕಾಗಿಲ್ಲ. ಕೇರಳ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಲಿನಕ್ಸಿನಲ್ಲೇ ಕಂಪ್ಯೂಟರ್ ಕಲಿಸುತ್ತಾರೆ. ಅಲ್ಲಿ 2001ರಲ್ಲಿ ಶುರುವಾದ ಐಟಿ@ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಎಂಬ ಸಂಸ್ಥೆ ಆಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಅವರಿಗೆ ಬರುವುದು ನಮಗೂ ಬರುತ್ತದೆ.

ಕೊನೆಯದಾಗಿ, ಲೈವ್ ಸಿ.ಡಿ. ಹಾಕುವವರು ನೆನಪಿಡಬೇಕಾದ ಮಾತುಗಳು:

1. ಸೇವ್ ಒತ್ತುವ ಮೊದಲು ಎಲ್ಲಿಗೆ ಸೇವ್ ಆಗುತ್ತಿದೆ ಅಂತ ನೋಡಿ. ಪೆನ್ ಡ್ರೈವಿನ ಹೆಸರು ಕಾಣಬೇಕು.

2. ಕರೆಂಟು ಹೇಳಿ ಕೇಳಿ ಹೋಗುವುದಿಲ್ಲ. ಹತ್ತು ಸಾಲಿಗೆ ಒಂದು ಸಲ ಕಂಟ್ರೋಲ್ ಮತ್ತು ಎಸ್ ಒತ್ತಿ.

3. ಕಂಪ್ಯೂಟರ್ ನಡೆಯುತ್ತಿರುವಾಗ ಪರ್ಸಿಸ್ಟೆನ್ಸ್ ಇರುವ ಪೆನ್ ಡ್ರೈವ್ ಕೀಳಬೇಡಿ. ಪೂರ್ತಿ ಆಫ್ ಆದ ಮೇಲೆ ತೆಗೆಯಿರಿ.

4. ಆ ಪೆನ್ ಡ್ರೈವನ್ನು ವಿಂಡೋಸ್ ಕಂಪ್ಯೂಟರಿಗೆ ಹಾಕಿದರೆ, ಎರಡನೇ ಪಾಲು ಅದಕ್ಕೆ ಅರ್ಥವಾಗದೆ, "ಫಾರ್ಮ್ಯಾಟ್ ಮಾಡಲೇ?" ಅಂತ ಕೇಳಬಹುದು. ಬೇಡ ಅನ್ನಿ. ಹೂಂ ಅಂದರೆ ಎಲ್ಲಾ ಅಳಿಸಿ ಹೋಗುತ್ತದೆ.

5. ದೊಡ್ಡ ದೊಡ್ಡ ತಂತ್ರಾಂಶ ತುಂಬಬೇಡಿ. ಪಾಲು ಬೇಗ ತುಂಬಿ ಹೋಗುತ್ತದೆ.

6. ಮುಂದೆ ಹೊಸ ಸಿ.ಡಿ. ತಂದರೆ ಹಳೇ ಸೆಟ್ಟಿಂಗ್ ಅದಕ್ಕೆ ಹೊಂದದೇ ಇರಬಹುದು. ಅದಕ್ಕೇ ಮುಖ್ಯವಾದ ಫೈಲುಗಳನ್ನು ಮಾಮೂಲಿ ಪಾಲಿನಲ್ಲಿ ಬೇರೆಯೇ ಇಡಿ.

7. ಪೆನ್ ಡ್ರೈವೂ ಒಂದು ದಿನ ಕೆಡುತ್ತದೆ, ಕಳೆದೂ ಹೋಗುತ್ತದೆ. ಇನ್ನೊಂದು ಕಡೆ ಪ್ರತಿ ಇರಲೇಬೇಕು. ಸಂಘದ ಲೆಕ್ಕಕ್ಕೆ ಈಗ ಮೂರು ಪ್ರತಿ ಇವೆ: ಪೆನ್ ಡ್ರೈವಿನಲ್ಲಿ ಒಂದು, ಚಿಕ್ಕಪ್ಪನ ಫೋನಿನಲ್ಲಿ ಒಂದು, ಕಾಗದದ ಮೇಲೆ ಒಂದು. ಕಾಗದದ್ದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಹೆಂಚು ಸೋರದ ಕಡೆ ಇಟ್ಟಿದ್ದೇವೆ.

ನಮ್ಮೂರ ಕೆರೆ ಏರಿ ಗಟ್ಟಿ ಇದ್ದರೆ ಮಾತ್ರ ಮಳೆ ನೀರು ಬೇಸಿಗೆಗೆ ಸಿಗುತ್ತದೆ. ಬರೆದದ್ದೂ ಹಾಗೇ. ಬರೆಯುವ ಮೊದಲೇ ಉಳಿಸುವ ಜಾಗ ಮಾಡಿಕೊಳ್ಳೋಣ. ನಮ್ಮಲ್ಲಿ ಯಾರ ಮನೆಯಲ್ಲಾದರೂ ಹಾರ್ಡ್ ಡಿಸ್ಕ್ ಇಲ್ಲದ ಹಳೇ ಕಂಪ್ಯೂಟರ್ ಮೂಲೆಯಲ್ಲಿ ಬಿದ್ದಿದ್ದರೆ ಗುಜರಿಗೆ ಹಾಕಬೇಡಿ. ಊಟದ ಬಿಡುವಿನಲ್ಲಿ ನನ್ನನ್ನು ಕೇಳಿ. ಆ ಹನ್ನೊಂದು ಅಕ್ಷರ ನನಗೆ ಈಗ ಚೀಟಿ ನೋಡದೆಯೇ ಬರುತ್ತದೆ.



— ಏಳನೇ ತರಗತಿ ವಿದ್ಯಾರ್ಥಿನಿ, ಪಿಲ್ಲಗುಂಪೆ